ಒಂದು ಮೊಳೆಯಷ್ಟು ಭಾರ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತು ತೆಗೆದರೆ ನನ್ನ ಮುಖದ ಮೇಲೆ ಒಂದು ನಗು ಮೂಡುತ್ತದಂತೆ. ಆ ನಗು ನೋಡಿದವರು ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಚಹಾ ಕುಡಿಯಲು ಎದ್ದು ಹೋಗುತ್ತಾರಂತೆ. ಇದು ನನ್ನ ಗಂಡ ಹೇಳಿದ್ದು, ಸುಳ್ಳಿರಲಾರದು. ಇಂಥ ನಾನೇ ಈಗ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನಗುವುದಿದ್ದರೆ ಧಾರಾಳವಾಗಿ ನಗಿ. ನಾನು ಬೇಕಾದಷ್ಟು ಜನರನ್ನು ನೋಡಿ ನಕ್ಕಿದ್ದೇನೆ, ಈಗ ನನ್ನ ಪಾಳಿ ಬಂದಿದೆ.

ಇದು ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲಲ್ಲ, ಹುಣಸೆಮರದ ಕೆಳಗೂ ಅಲ್ಲ. ಆರು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ, ಹಾಡುಹಗಲು, ಕೃಷ್ಣಾ ಹೊಳೆಯ ನಟ್ಟನಡುವೆ. ಕಡಾಯಿಯಲ್ಲಿ ನಾವು ಮೂರು ಜನ ಇದ್ದೆವು. ಅಥವಾ ಮೂರು ಜನ ಇದ್ದೆವೆಂದು ನಾನು ತಿಳಿದಿದ್ದೆ.

ಕಡಾಯಿ ಎಂದೆನಲ್ಲ, ಅದನ್ನು ಮೊದಲು ಹೇಳಬೇಕು. ನನ್ನ ತವರು ಉಗಾರ ಬುದ್ರುಕದ ಪಕ್ಕದ ಒಂದು ಸಣ್ಣ ಊರು. ತಮ್ಮ ಅಪ್ಪಾಸಾಬ ಅಲ್ಲಿ ಕಬ್ಬಿನ ಜೊತೆಗೆ ಒಂದು ಗಾಣದ ಮನೆಯನ್ನೂ ನಡೆಸುತ್ತಾನೆ. ಬೇಸಿಗೆ ಬಂದು ಗಾಣ ನಿಂತಿತೆಂದರೆ ಬೆಲ್ಲ ಕುದಿಸುವ ಕಬ್ಬಿಣದ ಕಡಾಯಿಗೆ ಕೆಲಸವಿಲ್ಲ. ಏಳು ಅಡಿ ಅಗಲ, ಮೊಳದುದ್ದ ಆಳ, ತಳ ಸಪಾಟು. ನಮ್ಮ ಕಡೆ ಮಹಾಪೂರ ಬಂದಾಗ ಜನರನ್ನು ಮನೆಗಳಿಂದ ಹೊರತಂದದ್ದು ಇಂಥ ಕಡಾಯಿಗಳೇ. ಪೂರ ಇಲ್ಲದ ವರ್ಷ ಅದು ನಮ್ಮ ಆಟದ ದೋಣಿ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೇರಿಕೊಂಡು ಹೋಗಿ, ಮರಳು ಹಾಕಿ ತಿಕ್ಕಿ, ಬ್ಯಾರೇಜಿನ ಗೇಟು ಮುಚ್ಚಿ ತುಂಬಿ ನಿಂತ ನೀರಿಗೆ ಇಳಿಸಿದರೆ ನಮ್ಮ ರಜೆ ಶುರುವಾದಂತೆ. ಬಿಸಿಲಿಗೆ ಕಬ್ಬಿಣ ಕಾದು, ತಿಕ್ಕಿದರೂ ಹೋಗದ ಬೆಲ್ಲದ ವಾಸನೆ ಏಳುತ್ತದೆ. ಆ ವಾಸನೆಗೆ ಈಗಲೂ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಪ್ರತಿವರ್ಷ ಮೂರು ದಿನ ಹೊಳೆದಂಡೆಯ ಹೊಲದಲ್ಲೇ ನಮ್ಮ ಬಿಡಾರ. ತಾಡಪತ್ರಿ ಕಟ್ಟಿ, ಮೂರು ಕಲ್ಲು ಹೂಡಿ, ತಮ್ಮನ ಹೆಂಡತಿ ಸವಿತಾ ರೊಟ್ಟಿ ಬಡಿಯುತ್ತಾಳೆ. ಝುಣಕ, ಹಸಿಮೆಣಸಿನಕಾಯಿ ಚಟ್ನಿ, ಮಾವಿನಹಣ್ಣು. ದಿನಕ್ಕೆ ನಾಲ್ಕು ಸಲ ನೀರಿಗೆ ಬೀಳುವುದು, ಚರ್ಮ ಸುಕ್ಕುಗಟ್ಟುವವರೆಗೆ ಏಳದಿರುವುದು. ಅಪ್ಪಾಸಾಬ ಮಾತ್ರ ಮೊದಲು ದಂಡೆಯುದ್ದಕ್ಕೂ ನಡೆದು, ಕೆಸರಿನಲ್ಲಿ ಮೊಸಳೆಯ ಗುರುತು ಇಲ್ಲವೆಂದು ನೋಡಿ ಬಂದ ಮೇಲೇ ನಮಗೆ ಅಪ್ಪಣೆ. ಆ ವರ್ಷ ನನ್ನ ಮಗಳು ಅಂಕಿತಾಗೆ ಹದಿನಾಲ್ಕು. ಹೊಳೆಯಿಂದ ದೂರದ ರಾಯಬಾಗದಲ್ಲಿ ಬೆಳೆದವಳು, ಈಜು ಬರುತ್ತಿರಲಿಲ್ಲ. ಬೆನ್ನಿಗೆ ಎರಡು ಖಾಲಿ ಎಣ್ಣೆಯ ಕ್ಯಾನು ಕಟ್ಟಿಕೊಂಡು ಮೊಳಕಾಲುದ್ದದ ನೀರಿನಲ್ಲಿ ಕೈಕಾಲು ಬಡಿಯುವುದೇ ಅವಳ ಸಂಭ್ರಮ.

ಕಡಾಯಿ ನೀರಿಗಿಳಿದ ದಿನ ಒಂದು ಪದ್ಧತಿ ಇದೆ. ಆ ಹಂಗಾಮಿನ ಕೊನೆಯ ಬೆಲ್ಲದ ಒಂದು ಹೆಂಟೆಯನ್ನು ಹೊಳೆಯ ನಡುವೆ ಒಯ್ದು ನೀರಿಗೆ ಬಿಡಬೇಕು. ಹೊಳೆಯ ಬಾಯಿ ಸಿಹಿ ಮಾಡುವುದು ಎನ್ನುತ್ತಾರೆ. ಅದನ್ನು ಬಿಡುವವನು ಗುಳವ್ಯಾ, ಅಂದರೆ ಪಾಕದ ಹದ ನೋಡಿ ಕಡಾಯಿ ಇಳಿಸುವವನು. ನಮ್ಮ ಗಾಣದ ಗುಳವ್ಯಾ ಬಾಳೂ ಕಾಕಾ. ನಮ್ಮ ಅಪ್ಪನ ಕಾಲದಿಂದ ಇದ್ದವನು, ನಮಗೆಲ್ಲ ಈಜು ಕಲಿಸಿದವನು. ಎಂಬತ್ತರ ಹತ್ತಿರ ಬಂದರೂ ಆಳು ಅಂದರೆ ಆಳು, ಬೆಲ್ಲ ತಿರುವಿ ತಿರುವಿ ಹೆಗಲು ಕೋಣದ ಹೆಗಲಾಗಿತ್ತು. ಕಡಾಯಿಯಲ್ಲಿ ಅವನ ಜಾಗ ಒಂದೇ. ಹುಟ್ಟು ಹಾಕುವವನ ಎದುರಿಗೆ, ಕಡಾಯಿ ಎತ್ತುವ ಕಬ್ಬಿಣದ ಬಳೆಗೆ ಬೆನ್ನು ಕೊಟ್ಟು ಕೂರುವುದು. ದುಂಡನೆಯ ಕಡಾಯಿ ಬುಗುರಿಯಂತೆ ತಿರುಗದೆ ನೆಟ್ಟಗೆ ಹೋಗುತ್ತಿದ್ದುದು ಅವನ ಆ ಭಾರದಿಂದ.

ಅವನೇ ಕಲಿಸಿದ ಇನ್ನೊಂದು ಲೆಕ್ಕವಿದೆ, ಅದರ ಮೇಲೆಯೇ ಈ ಕಥೆಯೆಲ್ಲ ನಿಂತಿದೆ. ಕಡಾಯಿಯ ತಗಡು ಜೋಡಿಸಿದ ಕಡೆ ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ಹದಿನೆಂಟು ಮೊಳೆಗಳಿವೆ, ಇಂಚಿಗೊಂದು. ಖಾಲಿ ಕಡಾಯಿ ನೀರಲ್ಲಿಟ್ಟರೆ ನಾಲ್ಕು ಮುಳುಗಿ ಹದಿನಾಲ್ಕು ಕಾಣುತ್ತವೆ. ಆಮೇಲೆ ಒಬ್ಬೊಬ್ಬರು ಹತ್ತಿದಂತೆ ಒಂದೊಂದು ಮುಳುಗುತ್ತದೆ. "ಒಂದ ಮಂದಿ, ಒಂದ ಮೊಳಿ" ಎನ್ನುತ್ತಿದ್ದ ಕಾಕಾ. ಒಂಬತ್ತು ಮೊಳೆಗಿಂತ ಕಡಿಮೆ ಕಂಡರೆ ಯಾರಾದರೂ ಇಳಿಯಲೇಬೇಕು. ಶಾಲೆ ಮೆಟ್ಟಿಲು ಹತ್ತದ ಮುದುಕ ಕಲಿಸಿದ ಈ ಪಾಠವನ್ನೇ ನಾನು ಒಂಬತ್ತನೆಯ ತರಗತಿಯ ಮಕ್ಕಳಿಗೆ ತೇಲುವಿಕೆಯ ನಿಯಮವೆಂದು ಹೇಳಿಕೊಡುತ್ತೇನೆ.

ಆ ವರ್ಷ ಕಾಕಾ ಬರಲಿಲ್ಲ. ಸಂಕ್ರಾಂತಿಯ ಮುಂದೆ ಗಾಣದ ಮನೆಯಲ್ಲೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಮೀರಜ್‌ನಲ್ಲಿ ತೋರಿಸಿಕೊಂಡು ಬಂದು ಊರಿನ ಮನೆಯಲ್ಲಿ ಮಲಗಿದ್ದ. ಮಗನೂ ಸೊಸೆ ಮಂಗಲಾಳೂ ಕೂಡಿ ದಿನಕ್ಕೆ ನಾಲ್ಕು ಸಲ ಅವನನ್ನು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹೊಳೆಗೆ ಹೋಗುವ ಮುನ್ನ ನಾವು ಹೋಗಿ ನೋಡಿಕೊಂಡು ಬಂದಿದ್ದೆವು. ಮಾತು ಹೆಚ್ಚಿರಲಿಲ್ಲ. ಕಡಾಯಿ ಹೊಳೆಗೆ ಹೊರಟಿದೆ ಎಂದಾಗ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದ.

ಅವತ್ತು ಮಧ್ಯಾಹ್ನ ಮೂರೂವರೆಗೆ ನಾವು ಬೆಲ್ಲ ಬಿಡಲು ಹೊರಟೆವು. ಹುಟ್ಟು ಹಾಕಲು ಅಪ್ಪಾಸಾಬ, ಬದಿಗೆ ನಾನು, ಇನ್ನೊಂದು ಬದಿಗೆ ಅಂಕಿತಾ. ಕಾಕಾನ ಜಾಗದಲ್ಲಿ ಅಪ್ಪಾಸಾಬ ಒಂದು ಗೊಬ್ಬರದ ಚೀಲಕ್ಕೆ ಮರಳು ತುಂಬಿ ಇಟ್ಟಿದ್ದ. ಅದನ್ನು ನೋಡಿ ನನ್ನೊಳಗಿನ ಮಾಸ್ತರಿಣಿ ಎದ್ದು ಕೂತಳು.

"ಇದ್ಯಾಕ? ತಗಿ ಇದನ್ನ," ಎಂದೆ.

"ಅಕ್ಕಾ, ಕಾಕಾನ ಜಾಗಾ ಖಾಲಿ ಬಿಟ್ಟರ ಕಡಾಯಿ ಹೊಯ್ದಾಡತೈತಿ. ಇರ್ಲಿ ಬಿಡು."

"ಭಾರ ಕಡಿಮಿ ಆದಷ್ಟೂ ಛಲೋ ತೇಲತೈತಿ. ನಾ ಇದನ್ನ ಇಪ್ಪತ್ತ ವರ್ಷದಿಂದ ಕಲಸಾಕತ್ತೀನಿ."

"ನೀ ಕಲಸತಿ, ನಾ ಅದರಾಗ ಕುಂದರತೀನಿ," ಎಂದ ತಮ್ಮ. ಆದರೆ ನಾನು ದೊಡ್ಡವಳು, ಮೇಲಾಗಿ ಮಗಳ ಮುಂದೆ ಪಾಠ ಶುರು ಮಾಡಿದವಳು. ಚೀಲವನ್ನು ನಾನೇ ಎಳೆದು ದಂಡೆಗೆ ಕೆಡವಿದೆ. ತೇಲುವುದು ಬೇರೆ, ತೇಲುತ್ತ ಸಮತೋಲ ಕಾಯುವುದು ಬೇರೆ. ಪುಸ್ತಕದಲ್ಲಿ ಎರಡೂ ಪಾಠ ಇವೆ. ಆ ದಿನ ನನಗೆ ಒಂದೇ ನೆನಪಿತ್ತು.

ದಂಡೆ ಬಿಟ್ಟ ಕೂಡಲೇ ಅಂಕಿತಾಗೆ ಹೇಳಿದೆ, ಬಗ್ಗಿ ಮೊಳೆ ಎಣಿಸು, ಮೂರು ಜನ ಇದ್ದೇವೆ, ಹನ್ನೊಂದು ಬರಬೇಕು. ಅವಳು ಎಣಿಸಿದಳು.

"ಹತ್ತ ಅದಾವಲ್ಲವ್ವಾ," ಎಂದಳು. ಆಮೇಲೆ ಕಿಸಕ್ಕನೆ ನಕ್ಕಳು. "ಮಾಮಾ, ಈ ವರ್ಷ ನೀವು ಇಬ್ಬರ ಲೆಕ್ಕ ಆಗೀರಿ."

ಅಪ್ಪಾಸಾಬ ತನ್ನ ಹೊಟ್ಟೆ ನೋಡಿಕೊಂಡ. ನಾನು ಬಗ್ಗಿ ಎಣಿಸಿದೆ. ನೀರು ಕನ್ನಡಿಯಂತೆ ನಿಂತಿತ್ತು, ತಪ್ಪಲು ಕಾರಣವೇ ಇರಲಿಲ್ಲ. ಹತ್ತು. ಕಡಾಯಿ ಸೋರುತ್ತಿರಬೇಕೆಂದು ಹಾಸಿದ್ದ ಗೋಣಿತಟ್ಟು ಎತ್ತಿ ನೋಡಿದೆ, ತಳ ಕಾದು ಖಣಖಣ ಒಣಗಿತ್ತು. ತಮ್ಮನ ಮುಖದ ನಗು ಹೋಯಿತು.

"ಅಕ್ಕಾ, ಹೊಳ್ಳಿ ಹೋಗೂಣು. ಇದ ಲೆಕ್ಕ ಬರೋಬರಿ ಇಲ್ಲ."

ನಾನು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿರಲಿಲ್ಲ, ಖುಷಿಯಾಗಿತ್ತು. ಇಂಥ ಒಂದು ಒಗಟು ಕೈಗೆ ಸಿಕ್ಕರೆ ಬಿಡುವವಳಲ್ಲ ನಾನು. ತಳಕ್ಕೆ ಕೆಸರು ಅಂಟಿರಬಹುದು, ನೀರಿನಲ್ಲಿ ಬಳ್ಳಿ ಸಿಕ್ಕಿರಬಹುದು ಎಂದು ಲೆಕ್ಕ ಹಾಕುತ್ತಲೇ ಹೊಳೆಯ ನಡುವೆ ಬಂದಿದ್ದೆವು. ವಿಚಿತ್ರವೆಂದರೆ ಕಡಾಯಿ ಒಂದು ಸಲವೂ ತಿರುಗಲಿಲ್ಲ, ಗೆರೆ ಎಳೆದಂತೆ ನೆಟ್ಟಗೆ ಬಂತು. ಆ ನೇರವನ್ನು ನಾನು ನನ್ನ ಗೆಲುವೆಂದುಕೊಂಡೆ. ನೋಡಿದೆಯಾ ಎಂದು ತಮ್ಮನನ್ನು ಹಂಗಿಸಿದ್ದೂ ನೆನಪಿದೆ.

ಅಪ್ಪಾಸಾಬ ಬೆಲ್ಲ ಬಿಟ್ಟ. ಮೂರು ಜನ ಕೈ ಮುಗಿದೆವು. ತಲೆ ಎತ್ತಿದರೆ ಪಡುವಣ ಕಡೆ ಆಕಾಶ ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು.

ಏಪ್ರಿಲ್‌ನ ಅಡ್ಡಮಳೆ ಕಂಡವರಿಗೆ ಹೇಳಬೇಕಾಗಿಲ್ಲ. ಹತ್ತು ನಿಮಿಷ ಮೊದಲು ಎಲೆ ಅಲ್ಲಾಡಿರುವುದಿಲ್ಲ, ಆಮೇಲೆ ಮನೆಗಳ ಮೇಲಿನ ಪತ್ರಾಸು ತಗಡುಗಳು ಹಾರುತ್ತವೆ. ಧೂಳಿನ ಒಂದು ಗೋಡೆ ಹೊಳೆಯ ಮೇಲೆಯೇ ನಡೆದು ಬಂತು. ಅದರ ಹಿಂದೆಯೇ ಗಾಳಿ. ನೀರು ಕುದಿಯುವ ಪಾಕದಂತೆ ಎದ್ದಿತು. ಗಾಳಿ ಬಂದದ್ದು ಸರಿಯಾಗಿ ಕಾಕಾನ ಜಾಗದ ಕಡೆಯಿಂದ, ಖಾಲಿ ಇದ್ದ ಬದಿಯಿಂದ.

ಆಗ ನನ್ನ ಕಣ್ಣು ಮಗಳ ಬೆನ್ನಿನ ಮೇಲೆ ಬಿತ್ತು. ಕ್ಯಾನು ಇರಲಿಲ್ಲ. ಹಗ್ಗ ಒತ್ತುತ್ತದೆಂದು ಯಾವಾಗಲೋ ಬಿಚ್ಚಿ ಬದಿಗಿಟ್ಟಿದ್ದಳು. ಮೊದಲ ಹೊಡೆತಕ್ಕೇ ಎರಡೂ ಕ್ಯಾನು ಹಾರಿ ನೀರಿಗೆ ಬಿದ್ದು, ನೋಡನೋಡುತ್ತಲೇ ದೂರ ಹೋದವು. ನನ್ನ ಈಜು ದಂಡೆಯ ಈಜು, ನಡುಹೊಳೆಯಲ್ಲಿ ಇನ್ನೊಬ್ಬರನ್ನು ಹಿಡಿದು ಈಜುವ ಶಕ್ತಿ ನನಗಿಲ್ಲ. ಅಪ್ಪಾಸಾಬನಿಗೆ ಇದೆ, ಆದರೆ ಆ ಅಲೆಗಳಲ್ಲಿ ಅವಳು ಅವನ ಕೈಗೆ ಸಿಗಬೇಕಲ್ಲ.

ಖಾಲಿ ಬದಿಯ ಅಂಚು ಮೇಲೆದ್ದಿತು. ಒಂದು ಗೇಣು ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅಂಚು ಎದ್ದು ಅದರಡಿ ಗಾಳಿ ಹೊಕ್ಕಿತೆಂದರೆ ಕಡಾಯಿ ರೊಟ್ಟಿ ಮಗುಚಿದಂತೆ ಮಗುಚುತ್ತದೆ, ಇದು ಹೊಳೆಯ ಮಂದಿಗೆಲ್ಲ ಗೊತ್ತು. ಆ ಕಡೆ ಹೋಗಿ ಕೂರೋಣವೆಂದು ನಾನು ಅರ್ಧ ಎದ್ದೆ. "ಏಳಬ್ಯಾಡ! ಕುಂದರು! ಪೋರೀನ್ನ ಹಿಡಿ!" ಎಂದು ಅಪ್ಪಾಸಾಬ ಚೀರಿದ. ನಾನು ಮಗಳನ್ನು ಅಪ್ಪಿ ಹಿಡಿದು ಕಣ್ಣು ಮುಚ್ಚಿದೆ. ನಾನು ಎಳೆದು ಕೆಡವಿದ ಮರಳಿನ ಚೀಲ ಕಣ್ಣ ಮುಂದೆ ಬಂತು.

ಆಮೇಲೆ ನಡೆದದ್ದು ಇಷ್ಟೆ. ಎದ್ದ ಅಂಚು ಕೆಳಗಿಳಿಯಿತು. ಗಾಳಿ ನಿಂತು ಇಳಿದದ್ದಲ್ಲ, ಗಾಳಿ ಇನ್ನೂ ಜೋರಾಗಿತ್ತು. ದಪ್ಪನೆಯ ಆಳೊಬ್ಬ ಧೊಪ್ಪೆಂದು ಕೂತರೆ ಮಂಚ ಹೇಗೆ ಕೆಳಗೆ ಕೂರುತ್ತದೋ ಹಾಗೆ ಅದು ಕೂತಿತು. ಕಣ್ಣು ಬಿಟ್ಟು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಒದ್ದೆ ಗೋಣಿತಟ್ಟು, ಬಳೆ, ಅದರಾಚೆ ಮಳೆ. ಮತ್ತೆ ಗಾಳಿ ಹೊಡೆಯಿತು, ಅಂಚು ಅಲುಗಲಿಲ್ಲ. ಕಾಲು ಗಂಟೆಯೋ ಅರ್ಧ ಗಂಟೆಯೋ ತಿಳಿಯದು, ಆಣಿಕಲ್ಲು ತಲೆಗೆ ಬಡಿಯುತ್ತಿರಲು ಅಪ್ಪಾಸಾಬ ಹುಟ್ಟು ಹಾಕಿದ. ಕಡಾಯಿ ಒಂದು ಸುತ್ತೂ ತಿರುಗದೆ ದಂಡೆಗೆ ಬಂದು ತಾಗಿತು. ಸವಿತಾ ಸೊಂಟದವರೆಗೆ ನೀರಿಗಿಳಿದು ಬಂದು ಅಂಕಿತಾಳನ್ನು ಎತ್ತಿಕೊಂಡಳು. ಹದಿನಾಲ್ಕರ ಹುಡುಗಿಯನ್ನು ಹಾಲುಗೂಸಿನಂತೆ ಎದೆಗೊತ್ತಿಕೊಂಡಳು, ಇಬ್ಬರೂ ಅತ್ತರು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಬಿಡಾರ ಉಳಿದಿರಲಿಲ್ಲ. ತಾಡಪತ್ರಿ ಹಾರಿ ಕಬ್ಬಿನ ಗದ್ದೆಯಲ್ಲಿ ಬಿದ್ದಿತ್ತು. ಮಳೆ ನಿಂತ ಮೇಲೆ ಟ್ರ್ಯಾಕ್ಟರ್ ಹತ್ತಿ ಊರಿಗೆ ಹೋದೆವು. ಕಾಕಾನ ಮನೆ ಊರ ಬಾಯಿಗೇ ಇದೆ. ಮಂಗಲಾ ಅಂಗಳದಲ್ಲಿ ನಿಂತಿದ್ದವಳು ನಮ್ಮ ಟ್ರ್ಯಾಕ್ಟರ್ ಕಂಡದ್ದೇ ಓಡಿ ಬಂದಳು. ನಮ್ಮ ಬಾಯಿಂದ ಇನ್ನೂ ಒಂದು ಮಾತೂ ಹೊರಟಿರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ, ಹೊಳೆಯಲ್ಲಿ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ.

"ಅಕ್ಕಾರ, ಒಳಗ ಬಂದ ಒಂದೀಟ ಮಾವಾರನ್ನ ನೋಡ್ರಿ. ನನಗ ಭಾಳ ಅಂಜಿಕಿ ಆಗೇತಿ."

ಏನಾಯಿತೆಂದೆ. ಅವಳ ಗಂಡ ಪೇಟೆಗೆ ಹೋಗಿದ್ದ. ಗಾಳಿ ಏಳುವ ಹೊತ್ತಿಗೆ ಮುದುಕನನ್ನು ಮಗ್ಗುಲು ಬದಲಿಸುವ ವೇಳೆಯಾಗಿತ್ತು, ಪಕ್ಕದ ಮನೆಯವರನ್ನು ಕರೆದರೆ ಅವರು ಒಣಹಾಕಿದ ಕಾಳು ಎತ್ತುತ್ತಿದ್ದರು. ಆಗಿದ್ದಾಗಲಿ ಎಂದು ಒಬ್ಬಳೇ ಕೈ ಹಾಕಿದ್ದಳು.

"ದಿನಾ ಇಬ್ಬರು ಹಿಡದ್ರೂ ಸಾಕಾಗಿ ಹೋಗತೈತ್ರಿ. ಇವತ್ತ ಒಂದ ಕೈ ಹಚ್ಚೀನಿ, ಹೊಳ್ಳೇ ಬಿಟ್ರು. ಹತ್ತಿ ಹಾಂಗ ಹಗರ ಆಗಿದ್ರರಿ. ಹಾಸಿಗಿ ಸುದ್ದಾ ತಗ್ಗಾಗಿರಲಿಲ್ಲ. ಜೀವ ಹ್ವಾತೇನೋ ಅಂತ ಮೂಗಿಗೆ ಕೈ ಹಿಡದ್ನಿ, ಉಸಿರಿತ್ತು. ಎಷ್ಟ ಒದರಿದ್ರೂ ಎಚ್ಚರ ಆಗವಲ್ರು. ಮಳಿ ನಿಂತ ಮ್ಯಾಲ ಮತ್ತ ಹಿಡದ ನೋಡೀನ್ರಿ. ಮೊದಲಿನ್ಹಂಗ ಭಾರ. ಅಳ್ಳಾಡವಲ್ರು."

ನಾನು ಅಪ್ಪಾಸಾಬನ ಮುಖ ನೋಡಲಿಲ್ಲ, ಅವನೂ ನನ್ನ ಮುಖ ನೋಡಲಿಲ್ಲ.

ಒಳಗೆ ಹೋದಾಗ ಕಾಕಾ ಎಚ್ಚರಾಗಿದ್ದ. ಚಹಾ ಕೇಳಿದ. ಪಕ್ಕದಲ್ಲಿ ಕೂತು, ಮಧ್ಯಾಹ್ನ ಎಲ್ಲಿದ್ದಿರಿ ಕಾಕಾ ಎಂದು ಕೇಳಿದೆ. ಎಂಥ ಪ್ರಶ್ನೆ ನೋಡಿ, ಮೂರು ತಿಂಗಳಿಂದ ಮಂಚ ಇಳಿಯದವನಿಗೆ ಕೇಳುವ ಪ್ರಶ್ನೆಯೇ ಅದು.

"ಎಲ್ಲಿ ಹೋಗ್ಲೆವಾ, ಇಲ್ಲೇ ಮಲಗಿದ್ನಿ. ಭಾಳ ದಿನದ ಮ್ಯಾಲ ಛಲೋ ನಿದ್ದಿ ಹತ್ತಿತ್ತು," ಎಂದ. ಕನಸು ಬಿತ್ತೇ ಎಂದೆ. ಇಲ್ಲವೆಂದ. ಅವನ ಕಣ್ಣಿನಲ್ಲಿ ಗುಟ್ಟೇನೂ ಇರಲಿಲ್ಲ, ಹುಡುಕಿ ನೋಡಿದೆ. ಚಹಾ ಕುಡಿದು ಬಶಿ ಕೆಳಗಿಟ್ಟ ಮೇಲೆ ಅವನೇ ಕೇಳಿದ, "ಕಡಾಯಿ ಬಿಟ್ರೇನ?"

"ಬಿಟ್ಟೀವ್ರಿ."

"ನನ್ನ ಜಾಗಾದಾಗ ಯಾರ ಕುಂತಿದ್ರು?"

"ಯಾರೂ ಇಲ್ರಿ, ಖಾಲಿ ಇತ್ತು," ಎಂದೆ.

"ಸಾಲಿ ಅಕ್ಕೋರಾಗಿ ಭಾಳ ಶಾಣೇಕಿ ಆಗೀದಿ ನೋಡು," ಎಂದು ಬೈದ. "ಗಾಳಿ ಕಡೆ ಜಾಗಾ ಎಂದೂ ಖಾಲಿ ಬಿಡಬಾರದವಾ."

ಮರುದಿನ ಬೆಳಿಗ್ಗೆ ಎಲ್ಲರೂ ಬೇಡವೆಂದರೂ ನಾನು ಹೊಳೆಗೆ ಹೋದೆ. ಅದೇ ಮೂರು ಜನ, ಅದೇ ಕಡಾಯಿ, ಅದೇ ಗೋಣಿತಟ್ಟು. ದಂಡೆಯ ಹತ್ತಿರವೇ ನಿಂತು ಎಣಿಸಿದೆ. ಹನ್ನೊಂದು. ಅಪ್ಪಾಸಾಬನ ಮರಳಿನ ಚೀಲ ಇಟ್ಟು ಎಣಿಸಿದೆ. ಹತ್ತು. ಇಳಿದು, ಹತ್ತಿ, ಜಾಗ ಬದಲಿಸಿ, ಬಟ್ಟೆ ಒದ್ದೆ ಮಾಡಿಕೊಂಡು ಐದು ಸಲ ಎಣಿಸಿದೆ. ಕಡಾಯಿಯ ತಳಕ್ಕೆ ಕೈ ಹಾಕಿ ತಡವಿದೆ. ಕೆಸರಿಲ್ಲ, ಬಳ್ಳಿಯಿಲ್ಲ. ನಾವು ಹಿಂದಿನ ದಿನ ಎಣಿಸುವಲ್ಲಿ ತಪ್ಪಿರಬಹುದು. ಹೆದರಿದ ಮಂಗಲಾಗೆ ಬಲ ಹೆಚ್ಚಾಗಿರಬಹುದು. ಗಾಳಿಯ ದಿಕ್ಕು ಆ ಗಳಿಗೆಯಲ್ಲಿ ಬದಲಾಗಿರಬಹುದು. ಒಂದೊಂದಕ್ಕೂ ನನ್ನ ಹತ್ತಿರ ಉತ್ತರವಿದೆ. ಮೂರನ್ನೂ ಒಂದೇ ಮಧ್ಯಾಹ್ನ, ಒಂದೇ ವೇಳೆಗೆ ತಂದು ಕೂಡಿಸುವ ಉತ್ತರ ಮಾತ್ರ ಇಲ್ಲ.

ಕಾಕಾ ಆಮೇಲೆ ಎರಡು ವರ್ಷ ಬದುಕಿದ. ಅವನಿಗೆ ನಾನು ಮೊಳೆಯ ಲೆಕ್ಕ ಹೇಳಲೇ ಇಲ್ಲ. ಹೇಳಿದ್ದರೆ ನಕ್ಕುಬಿಡುತ್ತಿದ್ದನೇನೋ, ಅಥವಾ ನಗದೆ ಸುಮ್ಮನಿರುತ್ತಿದ್ದ. ಎರಡನ್ನೂ ತಡೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಒಂದು ದಿನ ಬೆಳಗಿನ ಚಹಾ ಕುಡಿದು ಮಲಗಿದವನು ಏಳಲಿಲ್ಲ. ಹೆಗಲು ಕೊಟ್ಟು ಬಂದ ಅಪ್ಪಾಸಾಬನನ್ನು ನಾನು ಕೇಳಬಾರದ್ದನ್ನು ಕೇಳಿದೆ, ಭಾರ ಇದ್ದನೇ ಎಂದು. "ಭಾಳ ಭಾರ ಇದ್ನಕ್ಕಾ," ಎಂದು ತಮ್ಮ ಗಳಗಳ ಅತ್ತ.

ಈ ಬೇಸಿಗೆಯಲ್ಲೂ ಹೋಗಿದ್ದೆವು. ಅಂಕಿತಾ ಈಗ ಕಾಲೇಜು, ಈಜಿನಲ್ಲಿ ಅವಳ ಮಾಮಾನನ್ನು ಹಿಂದೆ ಹಾಕುತ್ತಾಳೆ. ಈ ಸಲ ಬೆಲ್ಲ ಬಿಡಲು ತಾನೊಬ್ಬಳೇ ಹೋಗುತ್ತೇನೆಂದು ಹಟ ಹಿಡಿದಳು. ಎದುರಿಗೆ ಕಾಕಾನ ಜಾಗದಲ್ಲಿ ಮರಳಿನ ಚೀಲವನ್ನು ನಾನೇ ಎಳೆದು ತಂದು ಇಟ್ಟೆ. ಅವಳು ಹುಟ್ಟು ಹಿಡಿದು ಕೂತಳು. ನಾನು ಎದೆಯುದ್ದದ ನೀರಿನಲ್ಲಿ ನಿಂತು ಕಡಾಯಿಯನ್ನು ಮುಂದಕ್ಕೆ ತಳ್ಳಿದೆ. ಬೆಲ್ಲದ ವಾಸನೆ ಬಂತು. ಬಿಸಿಲು, ಮಿನುಗುವ ನೀರು, ದಂಡೆಯ ಮೇಲೆ ಸವಿತಾಳ ಕೇಕೆ. ಕಡಾಯಿ ಹತ್ತಿರವಿದ್ದಾಗಲೇ ಮೊಳೆ ಎಣಿಸಿದೆ. ಮಗಳದೊಂದು, ಚೀಲದ್ದೊಂದು, ಹನ್ನೆರಡು ಕಾಣಬೇಕು.

ಹನ್ನೆರಡೇ ಇದ್ದವು. ಲೆಕ್ಕ ಸರಿಯಾಗಿತ್ತು. ಹನ್ನೊಂದು ಇದ್ದರೂ ಇರಬಹುದೆಂದು, ಅವಳು ದೂರ ಹೋಗುವ ಮೊದಲು ಇನ್ನೊಂದು ಸಲ ಎಣಿಸಿದೆ.